ಪಿ.ಟಿ. ಮೇಡಂ ಬಿಚ್ಚಿದ ಇಂಜಿನ್

ಸಂತಾಪ ಸಭೆಗಳಿಗೆ ನಾನು ಇನ್ನು ಮುಂದೆ ಹೋಗುವುದಿಲ್ಲ. ಹೋದ ವಾರ ಭದ್ರಾವತಿಯಲ್ಲಿ, ನಾವಿಬ್ಬರೂ ನಿವೃತ್ತರಾಗುವ ತನಕ ಕೆಲಸ ಮಾಡಿದ ಶಾಲೆಯ ಹಾಲಿನಲ್ಲಿ, ಅವಳ ಫೋಟೋಕ್ಕೆ ಗಂಧದ ಹಾರ ಹಾಕಿ ಒಬ್ಬರಾದ ಮೇಲೊಬ್ಬರು ಮೈಕಿನಲ್ಲಿ ಆಡಿದ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. 'ಮೃದುಭಾಷಿ' ಎಂದರು ಒಬ್ಬರು. 'ಅಜಾತಶತ್ರು' ಎಂದರು ಇನ್ನೊಬ್ಬರು. ಕೊನೆಗೆ ಅವಳ ಭಾವನವರು, ಅಂದರೆ ಗಂಡನ ಅಣ್ಣ, ಎದ್ದು ನಿಂತು ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು, "ನಮ್ಮ ಮನೇಲಿ ಎಲ್ಲರ ಜೊತೆ ಹೊಂದ್ಕೊಂಡು ಹೋದ ಹೆಣ್ಮಗಳು" ಎಂದರು. ನಾನು ಪಕ್ಕದಲ್ಲಿದ್ದ ಸೈನ್ಸ್ ಟೀಚರ ತೋಳು ಚಿವುಟಿಬಿಟ್ಟೆ, ಪಾಪ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು, ಸರಿ. ಸುಳ್ಳು ಆಡಬಹುದೇನು?

ಅವಳ ಹೆಸರು ಹೇಳುವುದಿಲ್ಲ. ಹೆದರಿಕೆಯಿಂದಲ್ಲ, ಅವಳ ಹೆಸರು ಕರೆದವರೇ ಕಡಿಮೆ. ಶಾಲೆಗೆ, ಬೀದಿಗೆ, ಹಾಲಿನವನಿಗೆ, ಕೊನೆಗೆ ಅವಳ ಅತ್ತೆಗೂ ಅವಳು ಪಿ.ಟಿ. ಮೇಡಂ. ನಾನು ಅದೇ ಶಾಲೆಯಲ್ಲಿ ಕನ್ನಡ ಟೀಚರ್. ಶಿವಮೊಗ್ಗದಲ್ಲಿ ಒಂದೇ ಬೀದಿಯಲ್ಲಿ ನಮ್ಮ ಮನೆಗಳು. ದಿನಾ ಬೆಳಿಗ್ಗೆ ಅವಳ ಹಳೇ ಕಾರಿನಲ್ಲಿ ಭದ್ರಾವತಿಗೆ ಹೋಗಿ ಸಂಜೆ ಅದರಲ್ಲೇ ಬರುತ್ತಿದ್ದೆ. ಅವಳು ನನ್ನನ್ನು ಕರೆಯುತ್ತಿದ್ದದ್ದು 'ಕನ್ನಡ' ಎಂದು. "ಏ ಕನ್ನಡ, ಬಾಗಿಲು ಗಟ್ಟಿಯಾಗಿ ಹಾಕು, ಅದೇನು ನಿನ್ನ ಸಂಧಿ ಸಮಾಸ ಅಲ್ಲ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುವಳು. ಮೃದುಭಾಷಿಯಂತೆ!

ಆಟದ ಮೈದಾನದ ಸಂಗತಿ ಒಂದನ್ನು ಹೇಳಿದರೆ ಸಾಕು. ನಮ್ಮ ಶಾಲೆಯಲ್ಲಿ ಸಂಜೆ ಮೈದಾನ ಹುಡುಗರ ಕ್ರಿಕೆಟ್ಟಿಗೆ, ಹುಡುಗಿಯರಿಗೆ ಕಟ್ಟಡದ ಹಿಂದಿನ ಕಲ್ಲುಜಾಗ ಎಂದು ಯಾರೋ ಯಾವಾಗಲೋ ತೀರ್ಮಾನಿಸಿದ್ದರು. ಅವಳು ಬಂದ ವರ್ಷ ಒಂದು ಸಂಜೆ ಸುಣ್ಣದ ಪುಡಿಯ ಬುಟ್ಟಿ ಹಿಡಿದು, ಕ್ರಿಕೆಟ್ ಪಿಚ್ಚಿನ ನಟ್ಟನಡುವೆ ಹಾದುಹೋಗುವ ಹಾಗೆ ಖೋಖೋ ಅಂಕಣ ಬರೆದಳು. ಹೆಡ್‌ಮಾಸ್ಟರು ಓಡಿಬಂದರು. "ಏನ್ರೀ ಇದು?" "ಗೆರೆ ಸಾರ್." "ಗೆರೆ ಅಂತ ನಂಗೂ ಗೊತ್ತು, ಇಲ್ಯಾಕೆ?" "ಇಲ್ಲಿ ನೆಲ ಮೆತ್ತಗಿದೆ ಸಾರ್. ಬಿದ್ರೆ ಮಂಡಿ ಒಡೆಯಲ್ಲ." ಅಷ್ಟೇ. ಮರುದಿನ ಮಳೆ ಬಂದು ಗೆರೆ ಅಳಿಸಿತು, ಅವಳು ಮತ್ತೆ ಬರೆದಳು. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆ ಬರೆಯುವ ಹೆಂಗಸಿನ ಜೊತೆ ಹೆಡ್‌ಮಾಸ್ಟರು ಎಷ್ಟು ದಿನ ಅಂತ ಜಗಳವಾಡಿಯಾರು?

ಒಮ್ಮೆ ಯಾರೋ ದೊಡ್ಡವರು ಬರುತ್ತಾರೆಂದು ಹುಡುಗಿಯರನ್ನು ಬಿಸಿಲಲ್ಲಿ ಹೂವಿನ ತಟ್ಟೆ ಕೊಟ್ಟು ನಿಲ್ಲಿಸಿದ್ದರು. ಬರಬೇಕಾದವರು ಬರಲಿಲ್ಲ, ಬರಲಿಲ್ಲ, ಬರಲೇ ಇಲ್ಲ. ಒಬ್ಬಳು ತಲೆಸುತ್ತಿ ಕೂತಳು. ಇವಳು ಕೊರಳಲ್ಲಿದ್ದ ವಿಷಲ್ ಊದಿ "ಚದುರಿ!" ಎಂದಳು. ಮಕ್ಕಳು ಒಂದೇ ಉಸಿರಿಗೆ ನಲ್ಲಿಯ ಹತ್ತಿರ ಓಡಿದವು. ಆಮೇಲೆ ಬಂದ ದೊಡ್ಡವರಿಗೆ ಹೂವು ಹಾಕಲು ಉಳಿದದ್ದು ಮೇಷ್ಟ್ರುಗಳು ಮಾತ್ರ.

ಅದೇ ವಿಷಲ್ ಕಾರಿಗೂ ಬರುತ್ತಿತ್ತು. ಹಾರ್ನ್ ಕೆಟ್ಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಊದುವಳು. ಸರ್ಕಲ್ಲಿನಲ್ಲಿ ಪೊಲೀಸು ನಿಲ್ಲಿಸಿ ಕೇಳಿದರೆ, "ಹಾರ್ನ್ ಕೆಟ್ಟಿದೆ ಸಾರ್, ವಿಷಲ್ ಇದೆ. ನಿಮ್ಮ ಹತ್ರನೂ ಇದೆಯಲ್ಲ, ಕೆಲಸ ಒಂದೇ ಅಲ್ವಾ?" ಎಂದಳು. ನಾನು ಪಕ್ಕದ ಸೀಟಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆ.

ಒಳ್ಳೆಯವಳೇ ಎಂದರೆ ನನಗೆ ಈಗಲೂ ಹೇಳಲು ಬರುವುದಿಲ್ಲ. ಬಾಯಿ ಕೆಟ್ಟದ್ದು. ಓಡಲಾರದ ಮಕ್ಕಳ ಮೇಲೆ ಕರುಣೆ ಕಡಿಮೆ. ತಪ್ಪಾಯಿತು ಎಂಬ ಮಾತು ಅವಳ ಬಾಯಲ್ಲಿ ಕೇಳುವುದೆಂದರೆ ಅಮಾವಾಸ್ಯೆಯಲ್ಲಿ ಚಂದ್ರನನ್ನು ಹುಡುಕಿದಂತೆ. ನಾನು ಒಂದು ದಿನ ಅವಸರಕ್ಕೆ ಸಿಟಿ ಬಸ್ ಹತ್ತಿ ಸ್ಟ್ಯಾಂಡಿಗೆ ಹೋಗಿ ಅಲ್ಲಿಂದ ಭದ್ರಾವತಿ ಬಸ್ ಹಿಡಿದೆ ಎಂದು ಎಷ್ಟೋ ದಿನ ಮಾತು ಬಿಟ್ಟಿದ್ದಳು. ಮಾತು ಬಿಟ್ಟರೂ ಬೆಳಿಗ್ಗೆ ನಮ್ಮ ಮನೆ ಮುಂದೆ ಕಾರು ನಿಲ್ಲಿಸುವುದನ್ನು ಬಿಡಲಿಲ್ಲ. ನಾನು ಹತ್ತುವುದು, ಅವಳು ಬೇರೆ ಕಡೆ ನೋಡುತ್ತ ಓಡಿಸುವುದು. ಇಂಥವಳು 'ಹೊಂದ್ಕೊಂಡು ಹೋದಳು' ಎಂದರೆ ಅವಳ ಆತ್ಮ ಎದ್ದು ಬಂದೀತು. ಯಾರಾದರೂ ಆ ಮಾತು ಅವಳಿಗೇ ಹೇಳಿದಾಗ ಅವಳು ಕೇಳುತ್ತಿದ್ದದ್ದು ಒಂದೇ: "ಹೊಂದ್ಕೊಂಡು ಹೋಗೋಕೆ ನಾನೇನು ಬಸ್ಸಿನ ಸೀಟಾ ಮಾರಾಯ್ತಿ?"

ಇನ್ನು ಆ ಕಾರು. ಒಂದು ಕಾಲಕ್ಕೆ ಮಂತ್ರಿಗಳೂ ಟ್ಯಾಕ್ಸಿಯವರೂ ಓಡಿಸುತ್ತಿದ್ದ ಗುಂಡುಮುಖದ ಪೆಟ್ರೋಲ್ ಗಾಡಿ, ಕೆನೆ ಬಣ್ಣ. ಅವಳ ಅಪ್ಪ ಭದ್ರಾವತಿಯ ಕಾಗದನಗರದಲ್ಲಿ ಪೇಪರ್ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದವರು, ಯಾರಿಂದಲೋ ಕೊಂಡು, ಕೊನೆಗೆ ಮಗಳಿಗೆ ಕೊಟ್ಟು ಹೋದರು. ಪಕ್ಕದ ಕ್ವಾರ್ಟರ್ಸಿನಲ್ಲಿ ತಮಿಳಿನ ಫಿಟ್ಟರ್ ಮಾಮ ಒಬ್ಬರಿದ್ದರಂತೆ. ಭಾನುವಾರ ಭಾನುವಾರ ಅವರು ಆ ಕಾರಿನ ಹೊಟ್ಟೆ ಬಿಚ್ಚುವಾಗ ಇವಳೇ ಪಾನಾ ಎತ್ತಿಕೊಡುವವಳು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದಾಗ ಕಾರೂ ಜೊತೆಗೆ ಬಂತು. ಗೇಟಿನ ಪಕ್ಕದ ಶೆಡ್ಡಿನಲ್ಲಿ ನಿಂತಿತು. ಆ ಮನೆಯಲ್ಲಿ ಅವಳು ಯಾರ ಅಪ್ಪಣೆಯನ್ನೂ ಕೇಳದೆ ಹೊರಗೆ ಹೋಗಿ ಬರುತ್ತಿದ್ದದ್ದು ಅದೊಂದರಿಂದ. ಅವಳ ಓರಗಿತ್ತಿ ತವರಿಗೆ ಹೋಗಬೇಕಾದರೆ ಗಂಡನಿಗೆ ಬಿಡುವಾಗುವ ತನಕ ಕಾಯಬೇಕಿತ್ತು. ಇವಳು ಕೀಲಿ ತಿರುವಿದರೆ ಮುಗಿಯಿತು.

ಭಾವನವರದು ಅಡಿಕೆ ಮಂಡಿ ವ್ಯವಹಾರ. ಕೆಟ್ಟವರಲ್ಲ, ಮನೆಯ ಯಜಮಾನಿಕೆ ಅಭ್ಯಾಸವಾದವರು. ಅವರು ಹೊಸದಾಗಿ ಒಂದು ಎತ್ತರದ ಕಾರು ತೆಗೆದುಕೊಂಡರು, ಅದಕ್ಕೆ ನಿಲ್ಲಲು ಜಾಗವಿಲ್ಲದೆ ಬೀದಿಯಲ್ಲಿ ನಿಲ್ಲಬೇಕಾಯಿತು. ಅಂದಿನಿಂದ ಶೆಡ್ಡಿನ ಮೇಲೆ ಅವರ ಕಣ್ಣು. ಅದೇ ಹೊತ್ತಿಗೆ ಸರಿಯಾಗಿ ನಮ್ಮ ಗಾಡಿ ಮುಂದಿನಿಂದ ಸದ್ದು ಮಾಡತೊಡಗಿತು. ತಗಡಿನ ಡಬ್ಬಿಯಲ್ಲಿ ಗುಲಗಂಜಿ ಹಾಕಿ ಅಲ್ಲಾಡಿಸಿದ ಹಾಗೆ, ಗಲಗಲಗಲ. ಏರು ಬಂದರೆ ಏದುಸಿರು. ಬೆಳಿಗ್ಗೆ ಸ್ಟಾರ್ಟ್ ಆಗಲು ನೂರು ನಖರಾ.

"ಟೈಮಿಂಗ್ ಚೈನು" ಎಂದಳು ಅವಳು, ಬಾನೆಟ್ಟಿನ ಮೇಲೆ ಕಿವಿಯಿಟ್ಟು. "ಸಡಿಲ ಆಗಿದೆ."

"ಹಂಗಂದ್ರೆ?"

"ಮಾರ್ಚ್‌ಪಾಸ್ಟ್ ಇದ್ದ ಹಾಗೆ ಕಣೇ. ಕೆಳಗೆ ಪಿಸ್ಟನ್ನು ಕುಣಿತದೆ, ಮೇಲೆ ವಾಲ್ವು ಬಾಯಿ ತೆಗೆದು ಮುಚ್ಚುತ್ತೆ. ಇಬ್ಬರದೂ ಎಡಗಾಲು ಒಟ್ಟಿಗೇ ಬೀಳಬೇಕು. ಒಟ್ಟಿಗೆ ಹೆಜ್ಜೆ ಹಾಕ್ಸೋದು ಈ ಚೈನು. ಅದು ಜೋತುಬಿದ್ರೆ ಒಬ್ಬ ಎಡ, ಇನ್ನೊಬ್ಬ ಬಲ."

ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, "ಇದನ್ನ ಬಿಚ್ಚೋರೆಲ್ಲ ಸತ್ತೋದ್ರು ಮೇಡಂ, ಗುಜರಿಗೆ ಹಾಕಿ" ಎಂದ. "ಬಿಚ್ಚೋರು ಸತ್ತಿರಬಹುದು, ನಾನು ಸತ್ತಿಲ್ವಲ್ಲ" ಎಂದು ಇವಳು ಗಲಗಲ ಎನ್ನಿಸುತ್ತಲೇ ಮನೆಗೆ ವಾಪಸು ತಂದಳು. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಹೊಸ ಚೈನು ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಅಷ್ಟರಲ್ಲಿ ದಸರಾ ರಜೆ.

ಆಯುಧಪೂಜೆಗೆ ಎರಡೇ ದಿನ ಇದೆ ಎನ್ನುವಾಗ ಭಾವನವರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ತೀರ್ಪು ಕೊಟ್ಟರು. "ವಿಜಯದಶಮಿಯೊಳಗೆ ಅದು ತಾನಾಗಿ ಸ್ಟಾರ್ಟ್ ಆಗಿ ಗೇಟು ದಾಟ್ಬೇಕು. ಇಲ್ಲ ಅಂದ್ರೆ ಅವತ್ತೇ ಗುಜರಿಯವರು ಬಂದು ಎಳ್ಕೊಂಡು ಹೋಗ್ತಾರೆ. ನಾನು ಹೇಳಿ ಆಗಿದೆ." ಅವಳ ಗಂಡ ಒಳ್ಳೆಯ ಮನುಷ್ಯ, ಜಗಳದ ವಾಸನೆ ಬಂದೊಡನೆ ಕೊತ್ತಂಬರಿ ಸೊಪ್ಪು ತರಲು ಹೋಗುವ ಜಾತಿಯವರು. ಅವತ್ತೂ ಹೋದರು. ಅವಳು ಮಜ್ಜಿಗೆ ಕುಡಿದು ಲೋಟ ಇಟ್ಟು, "ಆಯ್ತು ಭಾವ. ತಾನಾಗೇ ಗೇಟು ದಾಟುತ್ತೆ" ಎಂದಳಂತೆ. ನನ್ನ ಹತ್ತಿರ ಬಂದಾಗ ಮಾತ್ರ ಬೇರೆ ಮಾತು. "ಗಾಡಿ ಹೋದ್ರೆ ನಾನೂ ಆ ಮನೇಲಿ ಓರಗಿತ್ತಿ ಥರ ಸೀರೆ ಉಟ್ಕೊಂಡು ಜಗಲಿ ಮೇಲೆ ಕಾಯ್ಬೇಕು ಕನ್ನಡ. ನನ್ನಿಂದ ಆಗಲ್ಲ."

ಭಾವನವರ ಲೆಕ್ಕಾಚಾರ ಆಮೇಲೆ ತಿಳಿಯಿತು. ಆಯುಧಪೂಜೆಯ ದಿನ ಯಾವ ಹತ್ಯಾರವನ್ನೂ ಮುಟ್ಟುವ ಹಾಗಿಲ್ಲ. ಹಿಂದಿನ ದಿನ ಅವಳು ರೇಡಿಯೇಟರ್ ಇಳಿಸಿ, ಮುಂದಿನ ಮುಚ್ಚಳ ಬಿಚ್ಚಿ, ಹಳೇ ಚೈನು ತೆಗೆದಿದ್ದಳು, ಅಷ್ಟೇ. ಒಳಗೆ ಹಲ್ಲಿರುವ ಎರಡು ಚಕ್ರ, ಮೇಲೊಂದು ದೊಡ್ಡದು, ಕೆಳಗೊಂದು ಸಣ್ಣದು. ಎರಡರ ಮೇಲೂ ಕಾರ್ಖಾನೆಯಲ್ಲೇ ಹೊಡೆದ ಒಂದೊಂದು ಸಣ್ಣ ಚುಕ್ಕೆ. ಆ ಚುಕ್ಕೆಗಳು ಎದುರುಬದುರು ಬರುವ ಹಾಗೆ ಚಕ್ರ ನಿಲ್ಲಿಸಿ ಚೈನು ಹಾಕಬೇಕು, ಗುಟ್ಟೆಲ್ಲ ಅಷ್ಟೇ. ಜಿಡ್ಡಿನಲ್ಲಿ ಕಾಣುವುದಿಲ್ಲವೆಂದು ಅವಳು ಅಂಕಣದ ಸುಣ್ಣವನ್ನು ಕಲಸಿ ಎರಡೂ ಚುಕ್ಕೆಗೆ ಬಿಳಿ ಬೊಟ್ಟು ಇಟ್ಟಳು. ಇನ್ನೇನು ಹೊಸ ಚೈನು ಎತ್ತಬೇಕು, ಅತ್ತೆ ಬಂದು ಪಾನಾ, ಸ್ಕ್ರೂಡ್ರೈವರ್, ಸುತ್ತಿಗೆ ಎಲ್ಲವನ್ನೂ ಮೊರದಲ್ಲಿ ತುಂಬಿಕೊಂಡು, "ನಾಳೆ ಪೂಜೆಗೆ ತೊಳೀಬೇಕು" ಎಂದು ಒಳಗೆ ಒಯ್ದರು.

ಮಾರನೇ ದಿನ ಇಡೀ ದಿನ ಹತ್ಯಾರಗಳು ದೇವರ ಮುಂದೆ ಚೆಂಡುಹೂವು ಮುಡಿದು ಕೂತವು. ಭಾವನವರ ಹೊಸ ಕಾರು ಪೂಜೆಗೆಂದು ಕಾಂಪೌಂಡಿನ ಒಳಗೆ ಬಂದು ಬಾಳೆಕಂದು ಕಟ್ಟಿಸಿಕೊಂಡಿತು, ಕುಂಬಳಕಾಯಿ ಒಡೆಸಿಕೊಂಡಿತು. ಇವಳು ಕಟ್ಟಿಹಾಕಿದ ಹಾಗೆ ಜಗಲಿಯ ಮೇಲೆ ಕೂತು ಕಡುಬು ತಿಂದಳು.

ವಿಜಯದಶಮಿ ಬೆಳಿಗ್ಗೆ ಹತ್ಯಾರ ಕೈಗೆ ಬಂತು. ನಾನೂ ಹೋದೆ. ಬಿಳಿ ಬೊಟ್ಟುಗಳನ್ನು ಎದುರುಬದುರು ತಂದಳು, ಚೈನು ಹಾಕಿದಳು. ಪಕ್ಕದಲ್ಲಿ ಚೈನನ್ನು ಒತ್ತಿ ಹಿಡಿಯುವ ಒಂದು ಸಣ್ಣ ಪಾದವಿದೆ, ಒಳಗೆ ಸ್ಪ್ರಿಂಗು. ಬಾಗಿದ ಪುಟ್ಟ ಕೀಲಿ ತೂರಿಸಿ ತಿರುವಿದೊಡನೆ ಪಾದ ಟಕ್ಕೆಂದು ಮುಂದೆ ಬಂದು ಚೈನಿಗೆ ಆನಿತು, ಜೋತು ಹೋಯಿತು. "ನೋಡೇ, ನೋಡೇ, ಬೆನ್ನು ನೆಟ್ಟಗೆ ಮಾಡ್ತು" ಎಂದು ಕುಣಿದಳು. ಮುಚ್ಚಳ ಹಾಕಿ, ರೇಡಿಯೇಟರ್ ಕೂರಿಸಿ, ನೀರು ತುಂಬುವಷ್ಟರಲ್ಲಿ ಮಧ್ಯಾಹ್ನ. ಗುಜರಿಯವರು ಟೆಂಪೋ ತಂದು ಗೇಟಿನ ಆಚೆ ನಿಲ್ಲಿಸಿದ್ದರು. ಬೀದಿಯ ಅರ್ಧ ಜನ ಅಲ್ಲಿದ್ದರು, ಒಬ್ಬಿಬ್ಬರು ಮೊಬೈಲ್ ಎತ್ತಿ ಹಿಡಿದಿದ್ದರು.

ಕೀಲಿ ತಿರುವಿದಳು. ಇಂಜಿನ್ ಕೆಮ್ಮಿತು, ಎರಡು ಸಲ ಉರುಳಿತು, ಆಮೇಲೆ 'ಢಮ್' ಎಂದು ಕಾರ್ಬೊರೇಟರಿನಿಂದ ಬೆಂಕಿ ಉಗುಳಿತು. ಎದುರುಮನೆಯ ಮಾವಿನ ಮರದ ಕಾಗೆಗಳೆಲ್ಲ ಎದ್ದವು. ಮತ್ತೆ ತಿರುವಿದಳು, ಮತ್ತೆ ಢಮ್.

"ಪಟಾಕಿ ದೀಪಾವಳಿಗೆ ಇಟ್ಕೊಬಹುದಿತ್ತು" ಎಂದರು ಭಾವನವರು. ಎಲ್ಲರೂ ನಕ್ಕರು. ನನಗೆ ಅಳು ಬಂತು. ಅವಳ ಮುಖ ಸುಣ್ಣವಾಗಿತ್ತು.

ಆಗ ಅತ್ತೆ ಜಗಲಿಯಿಂದ ಇಳಿದು ಬಂದರು, ಕಣ್ಣಲ್ಲಿ ನೀರು. ಅವಳ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಹಿಂಗ್ಯಾಕೆ ಮಾಡ್ತು ಮಗಾ? ನಾನು ನಿನ್ನೆ ಒಳಗಿನ ಚಕ್ರನೂ ಬಿಡದೆ ಒರೆಸಿ, ಎರಡಕ್ಕೂ ವಿಭೂತಿ ಹಚ್ಚಿ ಕೈ ಮುಗಿದಿದ್ದೆನಲ್ಲ. ಯಾರೋ ಸುಣ್ಣ ಮೆತ್ತಿದ್ರು ಅದಕ್ಕೆ, ಗಲೀಜು. ತೊಳೆದು ತೆಗೆದೆ" ಎಂದರು.

ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅವಳು ಬೆಳಿಗ್ಗೆ ಅಷ್ಟು ಜತನದಿಂದ ಎದುರುಬದುರು ತಂದದ್ದು ಕಾರ್ಖಾನೆಯ ಚುಕ್ಕೆಗಳನ್ನಲ್ಲ, ಅತ್ತೆ ಕಣ್ಣಿಗೆ ಬಿದ್ದ ಕಡೆ ಹಚ್ಚಿದ ವಿಭೂತಿಯನ್ನು! ನಾನು ಬಾಯಿ ತೆಗೆದೆ. ಅವಳು ನನ್ನ ಕಾಲು ತುಳಿದಳು, ಬೂಟುಗಾಲಿನಲ್ಲಿ.

"ಗುರುತು ತಪ್ಪಾಗಿದೆ ಭಾವ" ಎಂದು ಗಟ್ಟಿಯಾಗಿ ಹೇಳಿದಳು. "ನಾನೇ ತಪ್ಪು ಜೋಡಿಸಿದೀನಿ. ಬಿಚ್ಚಿ ಮತ್ತೆ ಹಾಕ್ತೀನಿ."

"ಸಾಕಮ್ಮ ನಗೆಪಾಟಲು. ಅವರು ಟೆಂಪೋ ತಂದಿದಾರೆ."

"ವಿಜಯದಶಮಿಯೊಳಗೆ ಅಂದ್ರಿ. ಇನ್ನೂ ಸೂರ್ಯ ಮುಳುಗಿಲ್ಲ."

ಗುಜರಿಯವರು ಗಡ್ಡ ನೀವಿಕೊಂಡು, "ನಮ್ದೇನ್ ಅರ್ಜೆಂಟ್ ಇಲ್ಲ ಬಿಡಿ ಸಾಹುಕಾರ್ರೇ. ಗಾಡಿ ಬಿಚ್ಚೋ ಹೆಂಗಸು ದಿನಾ ಸಿಗಲ್ಲ, ನೋಡೇ ಹೋಗೋಣ" ಎಂದು ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನೇ ಅವರಿಗೆ ಚಾ ತಂದುಕೊಟ್ಟೆ.

ಬಗ್ಗಿ ಬೋಲ್ಟು ಬಿಚ್ಚುವಾಗ ನಾನು ಪಿಸುಗುಟ್ಟಿದೆ: "ಯಾಕೆ ಹೇಳ್ಲಿಲ್ಲ? ನಿನ್ನ ತಪ್ಪೇ ಅಲ್ವಲ್ಲ."

"ಹೇಳಿದ್ರೆ ಅವರ ಮಗ ಅವರನ್ನ ಸಾಯೋವರೆಗೂ ಆಡ್ಕೋತಾನೆ. ನನ್ನನ್ನ ಆಡ್ಕೊಳ್ಳಲಿ. ನಂಗೇನು, ಅಭ್ಯಾಸ ಇದೆ."

ಹೆಂಗಸರು ಪಿಸುಗುಟ್ಟಿದ್ದು ಹೆಂಗಸರಿಗೆ ಕೇಳಿಯೇ ಕೇಳುತ್ತದೆ. ಅತ್ತೆ ಹಿಂದೆಯೇ ನಿಂತಿದ್ದರು. ಒಳಗೆ ಹೋಗಿ ಬೋಗುಣಿಯಲ್ಲಿ ಸೀಮೆಎಣ್ಣೆ ತಂದು, ಹಬ್ಬದ ಇಳಕಲ್ ಸೀರೆಯಲ್ಲೇ ಇಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಾನು ಹಚ್ಚಿದ ವಿಭೂತಿಯನ್ನು ತಾನೇ ಒರೆಸಿದರು. ಅಕ್ಕಿಯಲ್ಲಿ ಕಲ್ಲು ಆರಿಸಿ ಆರಿಸಿ ಪಳಗಿದ ಬೆರಳು ಹಲ್ಲುಗಳ ಬುಡದಲ್ಲಿ ಮೆಲ್ಲಗೆ ಓಡಿತು. "ಇಲ್ಲೊಂದು ತಗ್ಗಿದೆ ನೋಡು. ಇದೇನಾ?" ಇದೇ. ಇನ್ನೊಂದೂ ಸಿಕ್ಕಿತು. ಅತ್ತೆ ಎರಡರ ಮೇಲೂ ಬೆರಳಿಟ್ಟು ಹಿಡಿದರು, ಸೊಸೆ ಚೈನು ಹಾಕಿದಳು. ಟಕ್ ಎಂದು ಪಾದ ಆನಿತು.

ಭಾವನವರು ಅಷ್ಟರಲ್ಲಿ ಬನ್ನಿಗೆ ಹೊರಡಲು ರೇಷ್ಮೆ ಪಂಚೆ ಉಟ್ಟು ಬಂದಿದ್ದರು. ತಾಯಿಯನ್ನು ಆ ಅವತಾರದಲ್ಲಿ ನೋಡಿ, "ಅವ್ವಾ, ಏಳು ಮೇಲೆ. ಗುಜರಿ ಸಾಮಾನು ಅದು" ಎಂದರು.

"ನಿನ್ನೆ ನಾನು ಪೂಜೆ ಮಾಡಿದ ಗಾಡಿ ಇದು" ಎಂದರು ಅತ್ತೆ, ತಲೆ ಎತ್ತದೆ. "ಪೂಜೆ ಮಾಡಿದ್ದನ್ನ ಮಾರನೇ ದಿನ ಗುಜರಿಗೆ ಹಾಕು ಅಂತ ಯಾವ ಶರಣರು ಹೇಳಿದಾರಪ್ಪ ನಿಂಗೆ?"

ಬಿಸಿಲು ಇಳಿಯುವ ಹೊತ್ತಿಗೆ ಮುಚ್ಚಳ, ರೇಡಿಯೇಟರ್ ಎರಡೂ ಮತ್ತೆ ಕೂತವು. ಅವಳು ಸೀಟಿನಲ್ಲಿ ಕೂತು ಕೀಲಿ ತಿರುವಿದಳು. ಒಂದು ಸಲ ಉರುಳಿ, ಹಿಡಿಯಿತು. ಗಲಗಲ ಇಲ್ಲ, ಢಮ್ ಇಲ್ಲ. ಗುಜರಿಯವರು ಕಟ್ಟೆಯಿಂದಲೇ "ವಾಹ್ ಮೇಡಂ!" ಎಂದು ಕೂಗಿದರು. ಅತ್ತೆ ಕೈಯ ಸೀಮೆಎಣ್ಣೆಯನ್ನು ಸೆರಗಿಗೇ ಒರೆಸಿಕೊಂಡು ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು. ನಾನೂ ಕೂತೆ. ಗಾಡಿ ಶೆಡ್ಡಿನಿಂದ ಹೊರಬಂದು ಗೇಟಿಗೆ ಬಂತು.

"ಒಂದ್ಸಲ ಸ್ಟಾರ್ಟ್ ಆಗೋದು ದೊಡ್ಡ ವಿಷಯ ಅಲ್ಲ" ಎಂದರು ಭಾವನವರು ಬೀದಿಯವರ ಕಡೆ ತಿರುಗಿ. "ಆಫ್ ಮಾಡಿದ್ರೆ ಗೊತ್ತಾಗುತ್ತೆ ಹಣೆಬರಹ."

ಬ್ಯಾಟರಿ ಮಧ್ಯಾಹ್ನದಿಂದ ತಿರುವಿ ತಿರುವಿ ಸೋತಿತ್ತು. "ಹೋಗೇ, ಸುಮ್ನೆ ಹೋಗು ಮಾರಾಯ್ತಿ" ಎಂದು ಅವಳ ಬೆನ್ನಿಗೆ ತಿವಿದೆ. ಯಾರಾದರೂ ಹೋಗುತ್ತಿದ್ದರು. ಅವಳು ಗೇಟಿನ ಸರಿಯಾಗಿ ನಡುವೆ ಗಾಡಿ ನಿಲ್ಲಿಸಿದಳು, ಅರ್ಧ ಒಳಗೆ, ಅರ್ಧ ಬೀದಿಯಲ್ಲಿ. ಭಾವನವರ ಹೊಸ ಕಾರು ಹಿಂದೆ ಸಿಕ್ಕಿಕೊಂಡಿತು. ಇಂಜಿನ್ ಆಫ್ ಮಾಡಿದಳು. ಇಳಿದಳು. ಗ್ರೀಸು ಬಳಿದ ಕೈಯಲ್ಲಿ ಕೀಲಿಯನ್ನು ರೇಷ್ಮೆ ಪಂಚೆಯವರ ಮುಂದೆ ಹಿಡಿದಳು.

"ಮಾಡಿದೀನಿ ಭಾವ, ಆಫ್. ಈಗ ನೀವೇ ಸ್ಟಾರ್ಟ್ ಮಾಡಿ. ಆಗ್ಲಿಲ್ಲ ಅಂದ್ರೆ ಗುಜರಿ ಅಂಗಡಿವರೆಗೂ ನಾನೇ ಹಿಂದಿನಿಂದ ತಳ್ತೀನಿ."

ಭಾವನವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಬೇಡವೆನ್ನುವ ಹಾಗಿರಲಿಲ್ಲ. ಕೀಲಿ ತೆಗೆದುಕೊಂಡು, ಪಂಚೆ ಎತ್ತಿ ಹಿಡಿದು, ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಕಣ್ಣು ಮುಚ್ಚಿಕೊಂಡೆ. ಅವಳು ಹೊರಗೆ ಬಾನೆಟ್ಟಿನ ಪಕ್ಕ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಹಿಂದೆ ಕಟ್ಟಿ.

ಭಾವನವರು ಕೀಲಿ ತಿರುವಿದರು. ಗಾಡಿ ಅವರ ಕೈಯಲ್ಲೂ ಒಂದೇ ಸಲಕ್ಕೆ ಹಿಡಿಯಿತು.

ಅವರು ಸ್ಟೇರಿಂಗ್ ಹಿಡಿದವರು ಹಿಡಿದುಕೊಂಡೇ ಕೂತಿದ್ದರು. ಏನು ಮಾಡಬೇಕೆಂದು ಅವರಿಗೆ ತೋಚಿರಲಿಕ್ಕಿಲ್ಲ. ಆಗ ನನ್ನ ಪಕ್ಕದಿಂದ ಅತ್ತೆ ಮುಂದಕ್ಕೆ ಬಾಗಿ ಮಗನ ಹೆಗಲ ಮೇಲೆ, ಆ ಬಿಳಿ ರೇಷ್ಮೆ ಶಲ್ಯದ ಮೇಲೆ, ತಮ್ಮ ಕಪ್ಪು ಕೈ ಇಟ್ಟರು.

"ಇಳಿಯಪ್ಪ" ಎಂದರು. "ಅದು ಅವಳ ಜಾಗ."